ಪಾಳಿ ತಪ್ಪಿದ ನೀರು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಖಡಕವಾಸಲಾ ಜಲಾಶಯ ಚಿರಪರಿಚಿತ. ಮಳೆಗಾಲದ ಭಾನುವಾರಗಳಲ್ಲಿ ಸಿಂಹಗಡದ ದಾರಿ ಹಿಡಿದವರು ಅಲ್ಲಿ ನಿಂತು ಸುಟ್ಟ ಮೆಕ್ಕೆಜೋಳದ ತೆನೆ ತಿನ್ನದೆ ಮುಂದೆ ಹೋಗುವುದಿಲ್ಲ. ಊರಿನಿಂದ ನೆಂಟರು ಬಂದಿದ್ದರಂತೂ ನೀರಿನ ಕಡೆಗೆ ಕೈತೋರಿ, 'ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ನಮ್ಮ ವಿಶ್ವೇಶ್ವರಯ್ಯನವರು ಕೂರಿಸಿದ್ದು ಇಲ್ಲಿಯೇ' ಎಂದು ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆ ಸೇರಿಯೇ ಸೇರುತ್ತದೆ. ಆ ಹೆಮ್ಮೆ ಸಕಾರಣವಾದುದೇ. 1903ರ ಸುಮಾರಿಗೆ ಬಂದ ಆ ಬಾಗಿಲುಗಳು ಅಣೆಕಟ್ಟನ್ನು ಎತ್ತರಿಸದೆಯೇ ಜಲಾಶಯದ ನೀರಿನ ಮಟ್ಟವನ್ನು ಸುಮಾರು 8 ಅಡಿಯಷ್ಟು ಹೆಚ್ಚಿಸಿದವು. 1961ರಲ್ಲಿ ಪಾನಶೇತ ಅಣೆಕಟ್ಟು ಒಡೆದಾಗ ಆ ಪ್ರವಾಹಕ್ಕೆ ಸಿಕ್ಕಿ ಖಡಕವಾಸಲಾವೂ ಒಡೆಯಿತು. ಈಗ ನಾವು ಕಾಣುವುದು ಮತ್ತೆ ಕಟ್ಟಿದ ಅಣೆಕಟ್ಟು.

ಅದೇ ವರ್ಷಗಳಲ್ಲಿ ಅದೇ ಎಂಜಿನಿಯರು ಪುಣೆಯ ಆಸುಪಾಸಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದರು. ಅದಕ್ಕೆ ಕಲ್ಲು ಬೇಕಿರಲಿಲ್ಲ, ಕಬ್ಬಿಣ ಬೇಕಿರಲಿಲ್ಲ. ಹಾಗಾಗಿ ಅದರ ಗುರುತು ಯಾವ ಪ್ರವಾಸಿಗನ ಕಣ್ಣಿಗೂ ಬೀಳುವುದಿಲ್ಲ. ಇರುವ ನೀರನ್ನು ಯಾರಿಗೆ, ಯಾವ ಬೆಳೆಗೆ, ಎಷ್ಟು ಕೊಡಬೇಕೆಂಬ ಒಂದು ಕ್ರಮವನ್ನು ಅವರು ನೀರಾ ಕಾಲುವೆಯ ಮೇಲೆ ಜಾರಿಗೆ ತಂದರು. 'ಬ್ಲಾಕ್ ಪದ್ಧತಿ' ಎಂದು ಹೆಸರಾದ ಆ ಕ್ರಮದ ಹಿಂದಿನ ಮತ್ತು ಮುಂದಿನ ಕಥೆಯನ್ನು ನೆನೆಯುವುದು ಈ ಲೇಖನದ ಉದ್ದೇಶ. ನೀರು ಕಡಿಮೆಯಾಗುತ್ತಿರುವ ನಮ್ಮ ಕಾಲಕ್ಕೆ ಬಾಗಿಲುಗಳ ಕಥೆಗಿಂತ ಈ ಕಥೆಯೇ ಹೆಚ್ಚು ಬೇಕಾದದ್ದು ಎಂದು ನನಗೆ ತೋರುತ್ತದೆ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಸಹ್ಯಾದ್ರಿಯ ನೆತ್ತಿಯ ಮೇಲೆ ಸಾವಿರಾರು ಮಿಲಿಮೀಟರು ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿದು ಬಾರಾಮತಿ, ಇಂದಾಪುರಗಳನ್ನು ತಲುಪುವಷ್ಟರಲ್ಲಿ ಅದು 500 ಮಿಲಿಮೀಟರಿನ ಆಸುಪಾಸಿಗೆ ಕುಗ್ಗಿರುತ್ತದೆ. ಮೈಸೂರು ಸೀಮೆಯವರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876–78ರ ಮಹಾಕ್ಷಾಮ ಈ ಸೀಮೆಯನ್ನೂ ಹಿಂಡಿತ್ತು. ಆ ಬಳಿಕ ಸರ್ಕಾರ ಭಾಟಘರದಲ್ಲಿ ಅಣೆ ಕಟ್ಟಿ, 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆಯನ್ನು ತೆರೆಯಿತು. ಅದರ ಗುರಿ ಸ್ಪಷ್ಟವಾಗಿತ್ತು: ಮಳೆ ಕೈಕೊಟ್ಟ ವರ್ಷ ಜೋಳ, ಸಜ್ಜೆಗಳನ್ನು ಉಳಿಸಿ ಜನರ ಜೀವ ಉಳಿಸುವುದು.

ಆದರೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಒಂದು ವಿಚಿತ್ರ ಸಂಗತಿ ಕಂಡಿತು. ಮಳೆ ಚೆನ್ನಾಗಿ ಬಂದ ವರ್ಷ ಜೋಳದ ರೈತ ಕಾಲುವೆಯ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಎರೆನೆಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹಿಂಗಾರಿ ಜೋಳಕ್ಕೆ ಅಷ್ಟು ಸಾಕಾಗಿತ್ತು. ನೀರಿನ ಕರ ಕೊಟ್ಟು ಅವನೇಕೆ ನೀರು ಕೊಳ್ಳಬೇಕು? ಮಳೆ ತಪ್ಪಿದ ವರ್ಷವಾದರೋ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಿದ್ದರು, ಅಷ್ಟು ನೀರು ಕಾಲುವೆಯಲ್ಲಿ ಇರುತ್ತಿರಲಿಲ್ಲ. ವರ್ಷವಿಡೀ ತಪ್ಪದೆ ನೀರು ಕೊಳ್ಳಲು ಸಿದ್ಧವಿದ್ದ ಬೆಳೆ ಒಂದೇ: ಕಬ್ಬು. ಹನ್ನೆರಡರಿಂದ ಹದಿನೆಂಟು ತಿಂಗಳು ಹೊಲದಲ್ಲಿ ನಿಲ್ಲುವ ಅದಕ್ಕೆ ಬೇಸಿಗೆಯಲ್ಲಿಯೂ ವಾರ ಹತ್ತು ದಿನಕ್ಕೊಮ್ಮೆ ನೀರು ಬೇಕು. ಬೆಲ್ಲ ಕೈಗೆ ರೊಕ್ಕ ತರುತ್ತಿತ್ತು. ಕಬ್ಬಿನಿಂದ ಸರ್ಕಾರಕ್ಕೂ ಕರ ಬರುತ್ತಿತ್ತು. ಹೀಗೆ ಬರಗಾಲದ ಹೆಸರಿನಲ್ಲಿ ತೋಡಿದ ಕಾಲುವೆ ಕಬ್ಬಿನ ಕಾಲುವೆಯಾಯಿತು.

ಇದರ ಫಲ ಎರಡು ಬಗೆಯಾಗಿ ಕಾಣಿಸಿತು. ಕಾಲುವೆಯ ತಲೆಭಾಗದ ಹಳ್ಳಿಗಳಲ್ಲಿ ಬಂಡವಾಳವುಳ್ಳ ಕೆಲವರು ಹೆಚ್ಚು ನೀರನ್ನು ಸೆಳೆದುಕೊಂಡರು. ಕೆಳಗಿನ ಹಳ್ಳಿಗಳ ಪಾಲಿಗೆ ಕಾಲುವೆ ಹೆಸರಿಗಷ್ಟೇ ಉಳಿಯಿತು. ಇತ್ತ ಅತಿಯಾಗಿ ನೀರುಂಡ ಎರೆಭೂಮಿ ಜೌಗು ಹಿಡಿದು, ಮೇಲೆ ಬಿಳಿಯ ಉಪ್ಪು ಕಾಣಿಸಿಕೊಂಡು, ಏನೂ ಬೆಳೆಯದಂತಾಗತೊಡಗಿತು. ಉತ್ತರ ಕರ್ನಾಟಕದ ರೈತರು ಇದನ್ನೇ ಸವಳು-ಜವಳು ಎನ್ನುತ್ತಾರೆ. ಒಂದು ಕಡೆ ನೀರಿಲ್ಲದೆ ಒಣಗುವ ಹೊಲ, ಇನ್ನೊಂದು ಕಡೆ ನೀರು ಹೆಚ್ಚಾಗಿ ಕೆಡುವ ಹೊಲ. ಎರಡೂ ಒಂದೇ ಕಾಲುವೆಯ ಕೆಳಗೆ.

ವಿಶ್ವೇಶ್ವರಯ್ಯನವರು ಪುಣೆಯ ಕಾಲೇಜಿನಲ್ಲಿಯೇ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ್ದವರು. ಪುಣೆಯ ನೀರಾವರಿಯ ಹೊಣೆ ಅವರ ಕೈಗೆ ಬಂದಾಗ ಅವರ ಎದುರಿಗಿದ್ದ ಚಿತ್ರ ಇದು. 1901ರಲ್ಲಿ ನೇಮಕಗೊಂಡ ಭಾರತೀಯ ನೀರಾವರಿ ಆಯೋಗದ ಮುಂದೆ ಅವರು ತಮ್ಮ ವಿಚಾರಗಳನ್ನು ಮಂಡಿಸಿದರು. ಅನಂತರ ನೀರಾ ಕಾಲುವೆಯ ಮೇಲೆ ಅವುಗಳನ್ನು ಪ್ರಯೋಗಕ್ಕೆ ತಂದರು. ತಿರುಳು ಇಷ್ಟು: ಕಾಲುವೆಯುದ್ದಕ್ಕೂ ಹಳ್ಳಿ ಹಳ್ಳಿಗಳಲ್ಲಿ, ನೀರು ಬಸಿದು ಹೋಗಲು ಅನುಕೂಲವಿರುವ ನೆಲವನ್ನು ಆರಿಸಿ ಬ್ಲಾಕುಗಳಾಗಿ ಗುರುತಿಸುವುದು, ಪ್ರತಿ ಬ್ಲಾಕಿನಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಮಾತ್ರ ಕಬ್ಬನ್ನು ಸೀಮಿತಗೊಳಿಸಿ, ಉಳಿದ ನೆಲದಲ್ಲಿ ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯುವುದು, ಇದಕ್ಕೆ ಒಪ್ಪಿದ ರೈತನಿಗೆ ಒಂದು ವರ್ಷದ ಮರ್ಜಿಯ ಬದಲು ಹಲವು ವರ್ಷಗಳ ಅವಧಿಗೆ ನೀರಿನ ಭರವಸೆ ಕೊಡುವುದು. ಅದೇ ನೀರು ಹೆಚ್ಚು ಹಳ್ಳಿಗಳನ್ನು ಮುಟ್ಟಬೇಕು, ನೆಲ ಕೆಡಬಾರದು, ರೈತನಿಗೆ ನಾಳೆಯ ಬಗ್ಗೆ ನೆಚ್ಚಿಕೆಯಿರಬೇಕು. ಈ ಮೂರು ಗುರಿಗಳನ್ನು ಒಂದೇ ಸೂತ್ರಕ್ಕೆ ಪೋಣಿಸಿದ್ದು ಆ ಯೋಜನೆಯ ಹೆಚ್ಚುಗಾರಿಕೆ. ಮೊದಮೊದಲು ರೈತರಿಂದ ವಿರೋಧ ಬಂತು. ತನ್ನ ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಇಲಾಖೆ ಹೇಳುವುದು ಯಾವ ಒಕ್ಕಲಿಗನಿಗೆ ತಾನೆ ಹಿಡಿಸೀತು?

ಆದರೆ 'ಈ ವರ್ಷ ಈ ನೆಲದಲ್ಲಿ ಈ ಬೆಳೆ' ಎಂಬ ಕಟ್ಟಳೆ ದಖ್ಖನಿಗೆ ಹೊಸದಾಗಿರಲಿಲ್ಲ. ವಿಶ್ವೇಶ್ವರಯ್ಯನವರು ನೌಕರಿಯ ಮೊದಲ ದಿನಗಳನ್ನು ಕಳೆದದ್ದು ಖಾನದೇಶದ ಧುಳೆಯಲ್ಲಿ. ಪಾಂಝರಾ ನದಿಯ ಹಾಸಿನಲ್ಲಿ ಕೊಳವೆ ಸೈಫನ್ ಕೂರಿಸುವುದು ಅವರಿಗೆ ಬಂದ ಮೊದಲ ಕೆಲಸಗಳಲ್ಲಿ ಒಂದು. ಆ ಪಾಂಝರಾ ಮತ್ತು ಅದರ ನೆರೆಯ ನದಿಗಳ ಕಣಿವೆಗಳಲ್ಲಿಯೇ 'ಫಡ್' ಎಂಬ ಹಳೆಯ ನೀರಾವರಿ ಪದ್ಧತಿ ಇತ್ತು. ಮೂರು ನಾಲ್ಕು ಶತಮಾನಗಳಷ್ಟು ಹಿಂದಿನದೆಂದು ಅದನ್ನು ಹೇಳುತ್ತಾರೆ. ನದಿಗೆ ಅಡ್ಡವಾಗಿ ಒಂದು ಬಂಧಾರ, ಅಂದರೆ ತಗ್ಗಾದ ಒಡ್ಡು. ಅದರಿಂದ ಹೊರಟ ಕಾಲುವೆಯ ಕೆಳಗಿನ ಅಚ್ಚುಕಟ್ಟನ್ನು ಸಾಮಾನ್ಯವಾಗಿ ನಾಲ್ಕು ದೊಡ್ಡ ಭಾಗಗಳಾಗಿ ಮಾಡುತ್ತಿದ್ದರು. ಒಂದೊಂದು ಭಾಗವೂ ಒಂದು ಫಡ್. ಒಂದು ಫಡ್‌ನಲ್ಲಿ ಆ ವರ್ಷ ಎಲ್ಲರೂ ಬೆಳೆಯಬೇಕಾದದ್ದು ಒಂದೇ ಬೆಳೆ. ಕಬ್ಬು ಒಂದು ಫಡ್‌ಗೆ ಬಂದರೆ ಮುಂದಿನ ಸರದಿಯಲ್ಲಿ ಅದು ಇನ್ನೊಂದಕ್ಕೆ ಸಾಗುತ್ತಿತ್ತು. ನದಿಯಲ್ಲಿ ನೀರು ಕಡಿಮೆಯಾದ ವರ್ಷ ಎಷ್ಟು ಫಡ್‌ಗಳಿಗೆ ನೀರು ಎಂಬುದನ್ನು ಊರವರು ಮೊದಲೇ ಕೂತು ನಿರ್ಧರಿಸುತ್ತಿದ್ದರು. ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು ಫಡ್‌ಗಳಲ್ಲಿ ತುಂಡು ಜಮೀನು ಇರುತ್ತಿದ್ದುದರಿಂದ ಒಂದು ಫಡ್ ಒಣಗಿದರೆ ನಷ್ಟವೂ ಹಂಚಿಹೋಗುತ್ತಿತ್ತು.

ಇದನ್ನು ನಡೆಸುತ್ತಿದ್ದವರು ಊರವರೇ ನೇಮಿಸಿದ ಆಳುಗಳು: ನೀರು ಬಿಡುವ ಪಾಟಕರಿ, ಬೆಳೆ ಕಾಯುವ ಜಾಗಲ್ಯಾ, ಅವರ ಮೇಲೊಬ್ಬ ಹವಾಲ್ದಾರ. ಅವರ ಸಂಬಳ ಕಣದಲ್ಲಿ ಧಾನ್ಯವಾಗಿ ಸಲ್ಲುತ್ತಿತ್ತು. ಮರಾಠಿ ನಾಡಿನಲ್ಲಿ ಬಾಳುತ್ತಿರುವ ನಮಗೆ ಇಲ್ಲಿಯ ಮಾತುಗಳಲ್ಲಿಯೇ ಒಂದು ನೆಂಟಸ್ತಿಕೆ ಕೇಳಿಸುತ್ತದೆ. ನಮ್ಮ ಕಾಲುವೆ ಅವರ 'ಕಾಲವಾ'. ಮಹಾರಾಷ್ಟ್ರದ ಕಾಲುವೆಗಳಲ್ಲಿ ಒಬ್ಬರಾದ ಮೇಲೆ ನೆರೆಯವರು ನೀರು ಪಡೆಯುವ ಕ್ರಮಕ್ಕೆ 'ಶೇಜಪಾಳಿ' ಎಂದು ಹೆಸರು. ಆ ಪಾಳಿ ನಮ್ಮದೂ ಹೌದು. ನೀರು ಹಂಚುವ ಕಷ್ಟ ಎರಡೂ ಕಡೆ ಒಂದೇ ಆಗಿದ್ದರೆ ಅದನ್ನು ಹೇಳುವ ಮಾತು ಬೇರೆಯಾಗಿರಬೇಕಾಗಿಲ್ಲವಷ್ಟೆ.

ಕಷ್ಟ ಒಂದೇ ಆಗಿತ್ತೆಂಬುದಕ್ಕೆ ನಮ್ಮ ಬಯಲುಸೀಮೆಯ ಕೆರೆಗಳೇ ಸಾಕ್ಷಿ. ಕೆರೆಯ ತೂಬು ಎತ್ತಿ ಇಳಿಸುವ ಅಧಿಕಾರ ನೀರಗಂಟಿಯ ಕೈಯಲ್ಲಿರುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಗೌಡನಾದರೂ ನಡುವೆ ಕೈಹಾಕುವಂತಿಲ್ಲ ಎಂಬುದು ಊರಿನ ಕಟ್ಟು. ಕೆರೆ ಅರೆಬರೆ ತುಂಬಿದ ವರ್ಷಗಳಿಗಾಗಿ ರಾಯಲಸೀಮೆ ಮತ್ತು ಅದಕ್ಕೆ ಹೊಂದಿದ ಕನ್ನಡ ಪ್ರದೇಶಗಳಲ್ಲಿ 'ದಾಮಾಷಾ' ಎಂಬ ರೂಢಿಯಿತ್ತು. ಆ ವರ್ಷ ತೂಬಿಗೆ ಹತ್ತಿರದ ನೆಲದಲ್ಲಿ ಮಾತ್ರ ಬೇಸಾಯ; ಆ ನೆಲವನ್ನೇ ಅಚ್ಚುಕಟ್ಟಿನ ರೈತರೆಲ್ಲ ತಮ್ಮ ತಮ್ಮ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಂಡು ಉಳುತ್ತಿದ್ದರು. ತನ್ನ ಗದ್ದೆಯಲ್ಲಿ ಇನ್ನೊಬ್ಬನ ನೇಗಿಲು ಹೂಡಲು ಬಿಡುವುದೆಂದರೆ ಸಣ್ಣ ಮಾತಲ್ಲ. ಮುಂದೊಂದು ವರ್ಷ ತನ್ನ ಪಾಳಿಯೂ ಹಾಗೆಯೇ ಬಂದೀತೆಂಬ ಅರಿವು ಅದನ್ನು ಸಾಧ್ಯವಾಗಿಸಿತ್ತು.

ಹಾಗೆಂದು ಹಿಂದಿನದನ್ನೆಲ್ಲ ಹೊನ್ನಿನ ಕಾಲವೆಂದು ಹೊಗಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ನೀರಗಂಟಿ ಅನೇಕ ಊರುಗಳಲ್ಲಿ ದಲಿತ ಕುಟುಂಬದವನಾಗಿದ್ದ. ಊರಿನ ಗದ್ದೆಗಳಿಗೆಲ್ಲ ನ್ಯಾಯವಾಗಿ ನೀರು ಅಳೆದುಕೊಡುತ್ತಿದ್ದವನ ಮನೆಯವರು ಊರ ಬಾವಿಯಿಂದ ಕೊಡ ನೀರು ಸೇದುವಂತಿರಲಿಲ್ಲ. ಫಡ್‌ನಲ್ಲಿಯೂ ಅಷ್ಟೆ: ಪಾಲು ಸಿಗುತ್ತಿದ್ದುದು ಜಮೀನುಳ್ಳವನಿಗೆ. ನೆಲವಿಲ್ಲದವನಿಗೆ ನೀರಿನ ಮೇಲೆ ಯಾವ ಹಕ್ಕೂ ಇರಲಿಲ್ಲ. ಆ ಪದ್ಧತಿಗಳ ನ್ಯಾಯ ಅಚ್ಚುಕಟ್ಟಿನ ಬದುವಿನ ತನಕ ಮಾತ್ರ ನಡೆಯುತ್ತಿತ್ತು. ಆ ಬದುವಿನೊಳಗೆ ಮಾತ್ರ ಒಂದು ಸತ್ಯವನ್ನು ಎಲ್ಲರೂ ಒಪ್ಪಿದ್ದರು: ನೀರು ಇಷ್ಟೇ ಇದೆ, ಬಾಯಾರಿದ ಬೆಳೆಗೆ ಒಂದು ಮಿತಿ ಇರಲೇಬೇಕು.

ಬ್ಲಾಕ್ ಪದ್ಧತಿ ಕನ್ನಡ ನಾಡಿಗೂ ಬಂತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾದ ವಿಶ್ವೇಶ್ವರಯ್ಯನವರು ರೂಪಿಸಿದ ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಮೊದಲಾಯಿತು. ಅದರಿಂದ ಮಂಡ್ಯದ ಕಡೆಗೆ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ನೀರು ಕಂಡಿತು. ಅದರ ಅಚ್ಚುಕಟ್ಟಿಗೆ ಮೂರು ವರ್ಷಗಳ ಸರದಿಯನ್ನು ಗೊತ್ತುಮಾಡಿದ್ದರು: ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ಅರೆ ಖುಷ್ಕಿ ಬೆಳೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಎದ್ದಿತು. ರಾಗಿ, ಹುರುಳಿಯ ಸೀಮೆಯಾಗಿದ್ದ ಮಂಡ್ಯ ಸಕ್ಕರೆಯ ಸೀಮೆಯಾದದ್ದನ್ನು ಅಲ್ಲಿಯ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆದರೆ ಕಾಲ ಕಳೆದಂತೆ ನಾಲೆ ಉಳಿಯಿತು, ಸರದಿ ಕರಗಿತು. ನಾಲೆಯ ಬಯಲೆಲ್ಲ ಭತ್ತ ಮತ್ತು ಕಬ್ಬುಗಳದೇ ಆಯಿತು. ಅರೆ ಖುಷ್ಕಿಯ ಪಾಲು ಕಾಗದದ ಮೇಲೆ ನಿಂತಿತು. ಕಾವೇರಿಯಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ನಮ್ಮ ಕಣ್ಣು ಮೆಟ್ಟೂರಿನ ಕಡೆಗೆ ತಿರುಗುವಷ್ಟು ಬೇಗ ಈ ಕರಗಿದ ಸರದಿಯ ಕಡೆಗೆ ತಿರುಗುವುದಿಲ್ಲ. ಚೆನ್ನೈಯಲ್ಲಿರುವ ನಮ್ಮ ಓದುಗರಿಗೆ ಈ ಮಾತು ಇನ್ನೂ ಚೆನ್ನಾಗಿ ತಿಳಿದೀತು.

ತುಂಗಭದ್ರೆಯ ಕಥೆಯೂ ಬೇರೆಯಲ್ಲ. 1953ರಿಂದ ನೀರು ಕೊಡತೊಡಗಿದ ಆ ಯೋಜನೆಯ ಎಡದಂಡೆ ಕಾಲುವೆಯನ್ನು ಹೆಚ್ಚು ನೆಲಕ್ಕೆ ತೆಳುವಾಗಿ ನೀರು ಹರಡುವಂತೆ, ಬಹುಮಟ್ಟಿಗೆ ಅರೆ ಖುಷ್ಕಿ ಬೆಳೆಗಳಿಗೆಂದು ಯೋಜಿಸಿದ್ದರು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದೂ ಗೊತ್ತಾಗಿತ್ತು. ಆದರೆ ತಲೆಭಾಗದಲ್ಲಿ ಭತ್ತ ಹಬ್ಬಿತು. ಗಂಗಾವತಿ 'ಭತ್ತದ ಕಣಜ' ಎನಿಸಿದ ಹೊತ್ತಿನಲ್ಲಿಯೇ ಮಾನ್ವಿ, ರಾಯಚೂರುಗಳ ಕೊನೆಭಾಗದ ರೈತರು ನೀರಿಗಾಗಿ ವರ್ಷ ವರ್ಷವೂ ರಸ್ತೆಗೆ ಇಳಿಯಬೇಕಾಯಿತು. ಅವರ ಹೊಲಗಳೂ ದಾಖಲೆಯಲ್ಲಿ ನೀರಾವರಿಯ ಹೊಲಗಳೇ.

ಕಟ್ಟಳೆ ಏಕೆ ಮುರಿಯಿತು? ರೈತನ ಆಸೆಯೆಂದು ಹೇಳಿ ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಕಬ್ಬಿಗೆ ಕಾರ್ಖಾನೆಯ ಬಾಗಿಲು ತೆರೆದಿತ್ತು, ಭತ್ತಕ್ಕೆ ನಿಗದಿಯ ಬೆಲೆಯಿತ್ತು. ಜೋಳ, ನವಣೆಗಳನ್ನು ಕೇಳುವವರಿರಲಿಲ್ಲ. ಸಾಲ ತೀರಬೇಕಾದ ಕುಟುಂಬ ಮಾರಾಟವಾಗುವ ಬೆಳೆಯನ್ನೇ ಹಿಡಿಯುತ್ತದೆ. ಅದರ ಜೊತೆಗೆ ಪಂಪುಸೆಟ್ಟು ಬಂತು, ಕೊಳವೆಬಾವಿ ಬಂತು. ತೂಬಿನ ಮುಂದೆ ಪಾಳಿ ಕಾಯಬೇಕಾಗಿದ್ದವನು ತನ್ನ ಹೊಲದಲ್ಲಿಯೇ ಗುಂಡಿ ಒತ್ತಿದರೆ ನೀರು ಬರುವಂತಾದಾಗ ನೆರೆಯವನ ಜೊತೆ ಮಾತಾಡುವ ಅಗತ್ಯವೇ ಉಳಿಯಲಿಲ್ಲ. ಫಡ್‌ಗಳು ಸೊರಗಿದ್ದೂ ಹೀಗೆಯೇ: ಮೇಲ್ಭಾಗದಲ್ಲಿ ಅಣೆಕಟ್ಟುಗಳು ಎದ್ದು ಹೊಳೆಯ ಹರಿವು ನಿಂತಿತು, ಕೆಳಗೆ ಬಾವಿಗಳು ತೋಡಲ್ಪಟ್ಟವು. ಇನ್ನು ಬ್ಲಾಕ್ ಪದ್ಧತಿಗೆ ಹುಟ್ಟಿನಿಂದಲೇ ಬಂದ ಒಂದು ಕೊರತೆಯಿತ್ತು. ಫಡ್‌ನ ಕಟ್ಟಳೆಯನ್ನು ಮುರಿದವನು ನಾಳೆ ಕಣದಲ್ಲಿ ಊರವರ ಮುಖ ನೋಡಬೇಕಿತ್ತು. ಬ್ಲಾಕಿನ ಕಟ್ಟಳೆಯನ್ನು ಮುರಿದವನು ಒಬ್ಬ ಅಧಿಕಾರಿಗೆ ದಂಡ ಕಟ್ಟಿದರೆ ಸಾಕಿತ್ತು. ವಿಶ್ವೇಶ್ವರಯ್ಯನವರ ಲೆಕ್ಕ ಸರಿಯಾಗಿತ್ತು. ಆ ಲೆಕ್ಕವನ್ನು ತನ್ನದೆಂದು ಹೇಳಿಕೊಳ್ಳುವ ಊರು ಇರಲಿಲ್ಲ.

ಅಂಥ ಊರನ್ನು ಮತ್ತೆ ಕಟ್ಟಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಪುಣೆಯ ಇನ್ನೊಬ್ಬ ಎಂಜಿನಿಯರು, ವಿಲಾಸರಾವ್ ಸಾಳುಂಖೆ. 1972ರ ಬರದಲ್ಲಿ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದ ರೈತರನ್ನು ಕಂಡು ಮನಕರಗಿದ ಈ ಉದ್ಯಮಿ, ಪುರಂದರ ತಾಲೂಕಿನ ನಾಯಗಾವಿನಲ್ಲಿ ದೇವಸ್ಥಾನದ ಬರಡು ಜಮೀನನ್ನು ಗೇಣಿಗೆ ಹಿಡಿದು ಪ್ರಯೋಗ ಆರಂಭಿಸಿದರು. ಮಳೆನೀರನ್ನು ತಡೆದು ನಿಲ್ಲಿಸಿ ಬೆಳೆ ತೆಗೆದದ್ದು ಮೊದಲ ಹೆಜ್ಜೆ. ಅದರಿಂದ ಹುಟ್ಟಿದ 'ಪಾಣಿ ಪಂಚಾಯತ್' ನಿಯಮಗಳು ಅದಕ್ಕಿಂತ ದೊಡ್ಡ ಹೆಜ್ಜೆ. ನೀರಿನ ಪಾಲು ಜಮೀನಿನ ಮೇಲಲ್ಲ, ತಲೆಯ ಮೇಲೆ: ಮನೆಯ ಒಬ್ಬೊಬ್ಬರಿಗೆ ಅರ್ಧ ಎಕರೆಗೆ ಸಾಕಾಗುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಜಮೀನು ಮಾರಿದರೆ ನೀರಿನ ಹಕ್ಕು ಅದರೊಂದಿಗೆ ಹೋಗುವುದಿಲ್ಲ. ನೆಲವಿಲ್ಲದವರಿಗೂ ಪಾಲುಂಟು. ಯೋಜನೆಯ ವೆಚ್ಚದಲ್ಲಿ ಐದನೆಯ ಒಂದು ಪಾಲನ್ನು ಸದಸ್ಯರೇ ಹೊರಬೇಕು. ಇಷ್ಟೆಲ್ಲದರ ಮೇಲೆ ಒಂದು ಮಾತು: ಕಬ್ಬು ಹಾಕುವಂತಿಲ್ಲ.

ಫಡ್‌ನ ಒಳಗೆ ಊರವರ ಒಪ್ಪಿಗೆಯಿತ್ತು, ನೆಲವಿಲ್ಲದವನಿರಲಿಲ್ಲ. ಬ್ಲಾಕಿನಲ್ಲಿ ಹೆಚ್ಚು ಹಳ್ಳಿಗಳನ್ನು ಮುಟ್ಟುವ ಉದ್ದೇಶವಿತ್ತು, ಊರವರ ಒಪ್ಪಿಗೆಯಿರಲಿಲ್ಲ. ನಾಯಗಾವಿನ ಪ್ರಯೋಗ ಎರಡನ್ನೂ ಕೂಡಿಸಲು ನೋಡಿತು. ಪುರಂದರ ತಾಲೂಕಿನ ಹಲವು ಹಳ್ಳಿಗಳಲ್ಲಿ ಅದು ನಡೆದೂ ತೋರಿಸಿತು. ಅದು ನಾಡಿನ ನೀತಿಯಾಗಿ ಬೆಳೆಯಲಿಲ್ಲ. ಪುರಂದರದಿಂದ ಕೆಲವೇ ಹರದಾರಿ ದೂರದಲ್ಲಿ ಕಬ್ಬಿನ ಲಾರಿಗಳು ಕಾರ್ಖಾನೆಗಳ ಮುಂದೆ ಸಾಲುಗಟ್ಟುತ್ತಲೇ ಇದ್ದವು. ಮಹಾರಾಷ್ಟ್ರದ ಸಾಗುವಳಿಯಲ್ಲಿ ನೂರಕ್ಕೆ ಐದಾರು ಪಾಲನ್ನು ಮೀರದ ಕಬ್ಬು, ನೀರಾವರಿಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುತ್ತದೆ ಎಂದು ಅಂದಾಜುಗಳು ಹೇಳುತ್ತವೆ. 2016ರ ಏಪ್ರಿಲ್‌ನಲ್ಲಿ ಲಾತೂರಿನ ಜನರಿಗೆ ಕುಡಿಯುವ ನೀರನ್ನು ಮೀರಜದಿಂದ ರೈಲಿನಲ್ಲಿ ಒಯ್ಯಬೇಕಾಯಿತು. ನಮ್ಮ ಬೀದರ, ಕಲಬುರಗಿಗಳಿಗೆ ಹೊಂದಿಕೊಂಡಿರುವ ಆ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೇನೂ ಕೊರತೆಯಿರಲಿಲ್ಲ.

ಇದನ್ನೆಲ್ಲ ಓದಿ ರೈತನತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. ಹೊಲಗಳಿಗೆಂದು ಹರಿದ ಖಡಕವಾಸಲಾದ ನೀರಿಗೆ ಈಗ ನಗರವೇ ದೊಡ್ಡ ಗಿರಾಕಿ. ಪಾನಶೇತ, ವರಸಗಾವ್, ಟೆಮಘರ್, ಖಡಕವಾಸಲಾ ನಾಲ್ಕೂ ಸೇರಿ ಹಿಡಿಯುವ ಸುಮಾರು 29 ಟಿಎಂಸಿ ನೀರಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಪುಣೆಯೇ ಬಳಸುತ್ತದೆ. ಮಿಕ್ಕದ್ದಕ್ಕಾಗಿ ದೌಂಡ, ಇಂದಾಪುರಗಳ ರೈತರು ಕಾಯುತ್ತಾರೆ. ಸ್ವಾರಗೇಟಿನ ಬಳಿ ಮನೆಗಳ ನಡುವೆ ತೆವಳುವ ಮುಠಾ ಕಾಲುವೆಯನ್ನು ದಾಟುವಾಗ ನಮಗೆ ಅದು ಒಂದು ಮೋರಿಯಂತೆ ಕಾಣಬಹುದು. ಆದರೆ ಆ ಕಾಲುವೆಯ ತಲೆಭಾಗದಲ್ಲಿ ಇಂದು ಕುಳಿತಿರುವವರು ನಾವು, ಕೊನೆಭಾಗದಲ್ಲಿರುವವನು ರೈತ. ಬೆಂಗಳೂರಿಗೂ ಕಾವೇರಿಗೂ, ಮುಂಬಯಿಗೂ ಅದಕ್ಕೆ ನೀರು ಕೊಡುವ ಶಹಾಪುರದ ಹಳ್ಳಿಗಳಿಗೂ ಇರುವ ಸಂಬಂಧ ಇದೇ.

ಪ್ರತಿವರ್ಷ ಸೆಪ್ಟೆಂಬರ್ 15ರಂದು ನಮ್ಮ ಸಂಘಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಅಣೆಕಟ್ಟುಗಳ ಮಾತಾಡುತ್ತೇವೆ. ಹೊಸದಾಗಿ ತಡೆಯಲು ನದಿಗಳಲ್ಲಿ ಈಗ ಹೆಚ್ಚು ನೀರು ಉಳಿದಿಲ್ಲ. ಇನ್ನು ಉಳಿದಿರುವುದು ಅವರು ನೀರಾ ಕಾಲುವೆಯ ದಂಡೆಯಲ್ಲಿ ಕೇಳಿದ ಪ್ರಶ್ನೆ: ಇರುವ ಇಷ್ಟು ನೀರಿನಲ್ಲಿ ಯಾರ ಪಾಲೆಷ್ಟು? ಧುಳೆಯ ಪಾಟಕರಿಯೂ ಕೋಲಾರದ ನೀರಗಂಟಿಯೂ ಪ್ರತಿದಿನ ಬೆಳಗ್ಗೆ ಸನಿಕೆ ಹಿಡಿದು ಹೊರಡುವಾಗ ಆ ಪ್ರಶ್ನೆಗೆ ತಮ್ಮ ಊರಿನ ಮಟ್ಟಿಗೆ ಉತ್ತರ ಕೊಡುತ್ತಿದ್ದರು. ಮುಂದಿನ ಸಲ ಹಾರ ಹಾಕುವಾಗ, ನಮ್ಮ ಪಾಳಿ ಮುಗಿದ ಮೇಲೆ ತೂಬು ಇಳಿಸಲು ನಾವು ಸಿದ್ಧರಿದ್ದೇವೆಯೇ ಎಂದು ಒಮ್ಮೆ ಕೇಳಿಕೊಂಡರೆ ಆ ಹಿರಿಯರಿಗೆ ಸಲ್ಲಬೇಕಾದ ಗೌರವ ಸಂದೀತು.